ಕೊಲ್ಲುತ್ತೆ ಸರಿ, ನಿಲ್ಲುತ್ತಾ?

12 ಫೆಬ್ರವರಿ 2025, ಬುಧವಾರ

ಮಧ್ಯಾಹ್ನದ ತನಕ ಖುಷಿಯಾಗೇ ಇದ್ದೆ. ಮೌತ್‌ವಾಶ್‌ಗೆ ಆಗುತ್ತಾ ಅಂತ ನಾನು ಪರೀಕ್ಷಿಸುತ್ತಿರುವ ಬರ್ಬೆರಿನ್, ಅಂದರೆ ಮರದರಿಶಿನದ ಕಾಂಡದಿಂದ ತೆಗೆದ ಹಳದಿ ಅಂಶ, ಕೊನೆಗೂ ಮಾತು ಕೇಳಿತ್ತು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಹರಡಿದ್ದ ಪ್ಲೇಟಿನಲ್ಲಿ, ಬರ್ಬೆರಿನ್ ಹೀರಿಸಿದ ಪುಟ್ಟ ಡಿಸ್ಕಿನ ಸುತ್ತ ಏನೂ ಬೆಳೆಯದ ಖಾಲಿ ಉಂಗುರ. ಅಂಚು ನೋಡಬೇಕು, ಎಷ್ಟು ಚೊಕ್ಕ! 1924ರಲ್ಲಿ ಕ್ಲಾರ್ಕ್ ಹುಳುಕು ಹಲ್ಲಿನಲ್ಲಿ ಪತ್ತೆ ಮಾಡಿದ ಬ್ಯಾಕ್ಟೀರಿಯಾ ಇದು. ಇವತ್ತಿಗೂ ಹುಳುಕಿನ ಮಾತು ಬಂದರೆ ಮೊದಲು ಬರುವ ಹೆಸರು ಇದರದ್ದೇ. ಫೋಟೋ ತೆಗೆದುಕೊಂಡು ಡೆಂಟಲ್ ಮೇಡಂ ಹತ್ತಿರ ಓಡಿದೆ.

ಮೇಡಂ ಆಗಷ್ಟೇ ಒಬ್ಬರ ಕೆಳದವಡೆಗೆ ಇಂಜೆಕ್ಷನ್ ಕೊಟ್ಟು, ತುಟಿ ಜೋಮು ಹಿಡಿಯಲಿ ಅಂತ ಕಾಯುತ್ತಿದ್ದರು. ನನಗೆ ಸಿಕ್ಕಿದ್ದು ಆ ನಾಲ್ಕೈದು ನಿಮಿಷ. ಫೋನ್ ಇಸಿದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು.

"ಚೆನ್ನಾಗಿ ಬಂದಿದೆ. ಎಷ್ಟು ಹೊತ್ತು ಇಟ್ಟಿದ್ದೆ?"

"24 ಗಂಟೆ, ಮೇಡಂ."

"ಬಾಯಿ ಮುಕ್ಕಳಿಸೋದು ಎಷ್ಟು ಹೊತ್ತು?"

"30 ಸೆಕೆಂಡು. ಜಾಸ್ತಿ ಅಂದ್ರೆ ಒಂದು ನಿಮಿಷ."

"ಆಮೇಲೆ?"

ಆಮೇಲೆ ಏನು, ಉಗಿಯೋದು. ಉಳಿದದ್ದನ್ನು ಜೊಲ್ಲು ತೊಳೆದುಕೊಂಡು ಹೋಗುತ್ತದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುವ ಜಾಗ ಅದು. ನನ್ನ ಪ್ಲೇಟಿನಲ್ಲಿ ಜೊಲ್ಲೂ ಇಲ್ಲ, ನುಂಗುವವರೂ ಇಲ್ಲ.

"ನಿನ್ನ ಬರ್ಬೆರಿನ್ ಕೊಲ್ಲುತ್ತೆ, ಒಪ್ಪಿದೆ. ನಿಲ್ಲುತ್ತಾ ಹೇಳು. ಬಾಯಲ್ಲಿ ನಿಲ್ಲದೆ ಇರೋದು ಎಷ್ಟು ಜೋರಾಗಿದ್ರೆ ಏನು ಬಂತು ಕಣಮ್ಮಾ?" ಅಂದವರೇ ಟ್ರೇಯಲ್ಲಿದ್ದ ಸಿರಿಂಜ್ ಕಡೆ ಗಲ್ಲ ಎತ್ತಿ ತೋರಿಸಿದರು. "ಇದರಲ್ಲಿ ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಯಾಕಿದೆ ಗೊತ್ತಲ್ವಾ?"

ಗೊತ್ತು. ಲಿಗ್ನೊಕೇನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹಾಗಾಗಿ ಅದನ್ನೊಂದನ್ನೇ ಕೊಟ್ಟರೆ ರಕ್ತದ ಜೊತೆ ಬೇಗ ಹೊರಟುಹೋಗುತ್ತದೆ. 80,000ಕ್ಕೆ ಒಂದು ಪಾಲು ಅಡ್ರಿನಲಿನ್ ಬೆರೆಸಿದರೆ ಸಾಕು, ರಕ್ತನಾಳ ಕುಗ್ಗಿ ಮದ್ದು ಇದ್ದಲ್ಲೇ ಇರುತ್ತದೆ. ಮರಗಟ್ಟಿಸುವ ಮದ್ದಿಗೇ ಕಾವಲು ಬೇಕು.

"ಡಾಕ್ಟ್ರೇ, ತುಟಿ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ," ಅಂತ ಕುರ್ಚಿಯಿಂದ ಧ್ವನಿ ಬಂತು. ನನ್ನ ಸಮಯ ಮುಗಿಯಿತು.

ವಾಪಸ್ ಬರುವಾಗ ಸುಮ್ನೆ ಸಿಟ್ಟು. ಎಲ್ಲರೂ ಪ್ಲೇಟಿನಿಂದಲೇ ತಾನೇ ಶುರು ಮಾಡೋದು? ಪ್ಲೇಟಿನಲ್ಲೇ ಸೋತದ್ದನ್ನು ಬಾಯಿಗೆ ಯಾರು ತರುತ್ತಾರೆ? ಈ ಮಾತನ್ನು ಈಗಲೂ ಬಿಟ್ಟುಕೊಡಲ್ಲ. ಆದರೆ ಗಿಡಮೂಲಿಕೆ ಮತ್ತು ಹಲ್ಲು ಅಂತ ಹುಡುಕಿದರೆ ಸಿಗುವ ಪೇಪರುಗಳಲ್ಲಿ ಬಹಳಷ್ಟು ಆ ಉಂಗುರದ ಅಳತೆಯಲ್ಲೇ ನಿಂತುಹೋಗಿವೆ. ಕೊನೆಯ ಸಾಲಲ್ಲಿ "ಇದನ್ನು ಟೂತ್‌ಪೇಸ್ಟಿನಲ್ಲಿ ಬಳಸಬಹುದು" ಅಂತ ಒಂದು ಆಸೆ, ಅಷ್ಟೇ. ಉಂಗುರ ದೊಡ್ಡದಾದರೆ ಮದ್ದು ಜೋರು ಅಂತಲೂ ಅಲ್ಲ. ಅಗಾರಿನಲ್ಲಿ, ಅಂದರೆ ಪ್ಲೇಟಿನ ಜೆಲ್ಲಿಯಲ್ಲಿ, ಸಲೀಸಾಗಿ ಹರಡುವ ಅಣುವಿಗೆ ದೊಡ್ಡ ಉಂಗುರ, ಕಷ್ಟಪಟ್ಟು ಹರಡುವುದಕ್ಕೆ ಚಿಕ್ಕದು. ಇನ್ನು ಹಲ್ಲಿನ ಮೇಲೆ ಈ ಮ್ಯೂಟನ್ಸ್ ಒಂಟಿಯಾಗಿ ಕೂತಿರಲ್ಲ. ಸಕ್ಕರೆಯಿಂದ ಗ್ಲುಕಾನ್ ಅನ್ನುವ ಅಂಟು ಮಾಡಿಕೊಂಡು, ಬೇರೆ ಬ್ಯಾಕ್ಟೀರಿಯಾಗಳನ್ನೂ ಕೂಡಿಸಿಕೊಂಡು ಪ್ಲಾಕ್ ಕಟ್ಟುತ್ತದೆ. ಅದರೊಳಗಿಂದ ಆಸಿಡ್ ಬಿಡುತ್ತದೆ. ಪಿಎಚ್ 5.5ಕ್ಕಿಂತ ಕೆಳಗೆ ಇಳಿಯಿತೋ, ಎನಾಮಲ್ ಕರಗೋಕೆ ಶುರು. ಆ ಅಂಟಿನ ಒಳಗೆ 30 ಸೆಕೆಂಡಿನಲ್ಲಿ ನುಗ್ಗಬೇಕು.

ನುಗ್ಗಿ, ಅಲ್ಲೇ ಉಳಿಯಬೇಕು.

ಮೌತ್‌ವಾಶ್‌ಗಳಲ್ಲಿ ಹಾಕುವ ಕ್ಲೋರ್‌ಹೆಕ್ಸಿಡಿನ್ ಗೆದ್ದಿರೋದು ಇಲ್ಲೇ. 1970ರಲ್ಲಿ ಲೋ ಮತ್ತು ಶೋಟ್ ಅನ್ನುವ ಸಂಶೋಧಕರು ಅದನ್ನು ಬಾಯಲ್ಲಿ ಪರೀಕ್ಷೆ ಮಾಡಿ ತೋರಿಸಿದಾಗಿನಿಂದ ಬೇರೆ ಎಲ್ಲ ಮೌತ್‌ವಾಶ್‌ಗಳನ್ನೂ ಅದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ. ಅದಕ್ಕಿಂತ ಜೋರಾಗಿ ಕೊಲ್ಲುವ ಮದ್ದುಗಳು ಬೇಕಾದಷ್ಟಿವೆ. ಆದರೆ ಇದು ಪಾಸಿಟಿವ್ ಚಾರ್ಜ್ ಇರುವ ಅಣು. ಹಲ್ಲಿನ ಮೇಲಿನ ತೆಳು ಪೊರೆ, ಬಾಯಿಯ ಒಳಚರ್ಮ, ಎರಡೂ ನೆಗೆಟಿವ್. ಹೋಗಿ ಅಂಟಿಕೊಂಡು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇರುತ್ತದೆ. ಟೂತ್‌ಪೇಸ್ಟಿನ ನೊರೆಯಲ್ಲಿರುವ ನೆಗೆಟಿವ್ ಅಣು ಎದುರಾದರೆ ಮಾತ್ರ ಮಣಿಯುತ್ತದೆ. ಅದಕ್ಕೇ ಬ್ರಶ್ ಮಾಡಿದ ತಕ್ಷಣ ಮುಕ್ಕಳಿಸಬೇಡಿ, ಅರ್ಧ ಗಂಟೆ ಬಿಡಿ ಅನ್ನೋದು. ಅಂಟಿಕೊಳ್ಳುವ ಗುಣಕ್ಕೆ ಬೆಲೆಯೂ ಇದೆ. ದಿನಾ ಬಳಸಿದರೆ ಹಲ್ಲಿಗೆ ಕಂದು ಕಲೆ, ನಾಲಿಗೆಗೆ ರುಚಿ ಕೆಡುವುದು.

ಬರ್ಬೆರಿನ್‌ನ ನೈಟ್ರೋಜನ್ ಮೇಲೂ ಪಾಸಿಟಿವ್ ಚಾರ್ಜ್ ಇದೆ, ಯಾವಾಗಲೂ. ಇದು ಹೊಳೆದಾಗ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಹಾಗಾದರೆ ಇದೂ ಅಂಟಬಹುದು, ಅಲ್ವಾ? ಅಂಟಿದರೆ ಹಲ್ಲು ಹಳದಿ. ನನ್ನ ಲ್ಯಾಬ್ ಕೋಟಿನ ತೋಳು ನೋಡಿದರೆ ಗೊತ್ತಾಗುತ್ತದೆ, ಎಷ್ಟು ಸಲ ಒಗೆದರೂ ಹೋಗದ ಹಳದಿ. ಮೇಲಿಂದ ಆ ಕಹಿ ಬೇರೆ!

ರಾತ್ರಿ ಅಮ್ಮ ಫೋನ್ ಮಾಡಿದಾಗ ಇದನ್ನೇ ಹೇಳಿಕೊಂಡೆ. ಅಮ್ಮನದ್ದು ಒಂದೇ ಮಾತು: "ಗಿಡದ್ದು ತಾನೇ, ಏನೂ ಆಗಲ್ಲ ಬಿಡು. ನನಗೂ ಒಂದು ಬಾಟಲಿ ಕೊಡು, ಒಸಡು ನೋಯ್ತಿದೆ." ಕೊಡಲ್ಲ ಅಂದೆ. ಮೊದಲು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸು ಅಂದೆ. ಬೇಜಾರು ಮಾಡಿಕೊಂಡಳು.

ನಿಕೋಟಿನ್ ಕೂಡ ಗಿಡದ್ದೇ. ಒಸಡಿನ ರಕ್ತನಾಳ ಕುಗ್ಗಿಸಿ, ರೋಗ ಇದ್ದರೂ ರಕ್ತ ಬರದ ಹಾಗೆ ಮುಚ್ಚಿಡುತ್ತದೆ. ಕೊಕೇನ್ ಗಿಡದ್ದು. 1884ರಲ್ಲಿ ಡಾಕ್ಟರ್ ಕೋಲರ್ ಅದರಿಂದ ಕಣ್ಣು ಮರಗಟ್ಟಿಸಿ ತೋರಿಸಿದ ಸ್ವಲ್ಪ ದಿನಕ್ಕೇ ಸರ್ಜನ್ ಹಾಲ್‌ಸ್ಟೆಡ್ ಕೆಳದವಡೆಯ ನರಕ್ಕೆ ಚುಚ್ಚಿ ಹಲ್ಲಿನ ನೋವು ನಿಲ್ಲಿಸಿದ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಅದರ ಚಟಕ್ಕೂ ಬಿದ್ದ. ಕೊಕೇನಿಗೆ ಅಡ್ರಿನಲಿನ್ ಬೇಕಿರಲಿಲ್ಲ, ರಕ್ತನಾಳವನ್ನು ತಾನೇ ಕುಗ್ಗಿಸುತ್ತಿತ್ತು.

ಸ್ಯಾಂಗ್ವಿನರಿನ್ ಕಥೆಯಂತೂ ನನಗೆ ನಿದ್ದೆ ಕೆಡಿಸುವಂಥದ್ದು. ಬರ್ಬೆರಿನ್‌ನ ಹತ್ತಿರದ ಸಂಬಂಧಿ. ಉತ್ತರ ಅಮೆರಿಕದ ಬ್ಲಡ್‌ರೂಟ್ ಅನ್ನುವ ಗಿಡದ ಬೇರು ಕತ್ತರಿಸಿದರೆ ಕೆಂಪು ಹಾಲು ಬರುತ್ತದೆ, ಅದರಲ್ಲಿದೆ. ಪಾಸಿಟಿವ್ ಚಾರ್ಜ್, ಪ್ಲಾಕ್‌ಗೆ ಅಂಟುತ್ತದೆ, ಬ್ಯಾಕ್ಟೀರಿಯಾ ಕೊಲ್ಲುತ್ತದೆ. ನನಗೆ ಬೇಕಾದ ಎಲ್ಲ ಗುಣವೂ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಟೂತ್‌ಪೇಸ್ಟ್, ಮೌತ್‌ವಾಶ್ ಎರಡಕ್ಕೂ ಹಾಕಿ ಮಾರಿದರು. 1990ರ ದಶಕದ ಕೊನೆಗೆ ಡಾಕ್ಟರುಗಳ ಕಣ್ಣಿಗೆ ಒಂದು ವಿಷಯ ಬಿತ್ತು. ಬಳಸಿದವರಲ್ಲಿ ಕೆಲವರಿಗೆ ಮೇಲ್ತುಟಿಯ ಒಳಗೆ, ಒಸಡು ಸೇರುವ ಮಡಿಕೆಯಲ್ಲಿ ಬಿಳಿ ಮಚ್ಚೆ. ಲ್ಯೂಕೋಪ್ಲೇಕಿಯಾ. ಮುಂದೆ ಕ್ಯಾನ್ಸರ್ ಆಗಬಹುದು ಅಂತ ಕಣ್ಣಿಟ್ಟು ಕಾಯಬೇಕಾದ ಜಾತಿಯದ್ದು. ಬಳಸೋದು ಬಿಟ್ಟ ಮೇಲೂ ಕೆಲವರಲ್ಲಿ ಹೋಗಲಿಲ್ಲ. ಆಮೇಲೆ ಅದನ್ನು ಪೇಸ್ಟಿನಿಂದ ತೆಗೆದರು. ಇದೇ ಅಣು ಆರ್ಜಿಮೋನ್ ಅನ್ನುವ ಕಳೆಗಿಡದ ಬೀಜದಲ್ಲೂ ಇದೆ. ಆ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನ ಕಾಲು ಊದಿಕೊಂಡು ಆಸ್ಪತ್ರೆ ಸೇರಿದರು, ಸತ್ತರು.

ಅಂದರೆ ನಿಲ್ಲಬೇಕು ನಿಜ. ಬ್ಯಾಕ್ಟೀರಿಯಾ ಮೇಲೆ ನಿಲ್ಲುವುದು ಚರ್ಮದ ಮೇಲೂ ನಿಲ್ಲುತ್ತದೆ. ಎಷ್ಟು ನಿಂತರೆ ಸಾಕು, ಎಷ್ಟಾದರೆ ಜಾಸ್ತಿ? ಮೇಡಂ ಅರ್ಧ ಪ್ರಶ್ನೆ ಮಾತ್ರ ಕೇಳಿದ್ದಾರೆ ಅನ್ನಿಸುತ್ತಿದೆ. ಉಳಿದರ್ಧ ನಾನೇ ಅವರಿಗೆ ಕೇಳಬೇಕು, ಮುಂದಿನ ಸಲ ಯಾರದ್ದಾದರೂ ತುಟಿ ಮರಗಟ್ಟುವ ಹೊತ್ತಿಗೆ.

ಜೂನಿಯರ್ ಹುಡುಗ ಸಂಜೆ ಟಿಎಲ್‌ಸಿ ಪ್ಲೇಟಿಗೆ (ಮಿಶ್ರಣದ ಅಂಶಗಳನ್ನು ಬೇರೆ ಬೇರೆ ಮಾಡುವ ಪ್ಲೇಟು) ಡ್ರಾಗೆಂಡಾರ್ಫ್ ಅನ್ನುವ ಬಣ್ಣ ಬರಿಸುವ ದ್ರಾವಣ ಹೊಡೆದು, ಕಿತ್ತಳೆ ಬಣ್ಣದ ಚುಕ್ಕೆ ಎದ್ದಾಗ ಕುಣಿದಾಡಿಬಿಟ್ಟ. ಬರ್ಬೆರಿನ್ ಥರದ ನೈಟ್ರೋಜನ್ ಇರುವ ಗಿಡದ ಅಂಶಗಳಿಗೆ ಆಲ್ಕಲಾಯ್ಡ್ ಅಂತಾರೆ, ಅವನಿಗಿದು ಮೊದಲ ಆಲ್ಕಲಾಯ್ಡ್. ಹೊಡೆಯೋಕೆ ಮುಂಚೆ ಯುವಿ ದೀಪದ ಕೆಳಗೆ ಇಟ್ಟಿದ್ದ. ಬರ್ಬೆರಿನ್ ಇದ್ದ ಜಾಗ ಮಾತ್ರ ಹಳದಿ-ಹಸಿರಾಗಿ ಉರಿಯುತ್ತಿತ್ತು. ಆಗ ಸುಮ್ನೆ ನೋಡಿ ಬಿಟ್ಟಿದ್ದೆ. ಈಗ ಬರೆಯುವಾಗ ಅನ್ನಿಸುತ್ತಿದೆ, ಅಳತೆಗೋಲು ಅಲ್ಲೇ ಇದೆಯಲ್ಲ! ಎನಾಮಲ್‌ನಲ್ಲಿರುವ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಡಿಸ್ಕಿಗೆ ಜೊಲ್ಲಿನ ಪೊರೆ ಕಟ್ಟಿಸಿ, 30 ಸೆಕೆಂಡು ಬರ್ಬೆರಿನ್‌ನಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಉಳಿದದ್ದನ್ನು ಆಲ್ಕೋಹಾಲಿಗೆ ಇಳಿಸಿ ಹೊಳಪು ಓದಿದರೆ ಎಷ್ಟು ನಿಂತಿದೆ ಗೊತ್ತಾಗುತ್ತದೆ. ಪಕ್ಕದಲ್ಲಿ ಬಾಯಿಯ ಚರ್ಮದ ಜೀವಕೋಶಗಳ ಮೇಲೂ ಅದೇ 30 ಸೆಕೆಂಡು.

ಡಿಸ್ಕ್ ಇದೆ. ಜೊಲ್ಲು ಯಾರದ್ದು? ಬೇರೆಯವರ ಹತ್ತಿರ ತಗೊಂಡರೆ ಎಥಿಕ್ಸ್ ಕಮಿಟಿ ಅರ್ಜಿ, ಒಪ್ಪಿಗೆ ಪತ್ರ, ಸಹಿ, ತಿಂಗಳುಗಟ್ಟಲೆ ಕಾಯೋದು. ನನ್ನ ಜೊಲ್ಲಿಗೆ ನಾನೇ ಒಪ್ಪಿಗೆ ಪತ್ರ ಬರೆದುಕೊಂಡು ನಾನೇ ಸಹಿ ಹಾಕೋದಾ? ನಾಳೆ ಗೈಡ್ ಬರುವ ಮುಂಚೆ ಆಫೀಸಿನಲ್ಲಿ ಕೇಳಬೇಕು, ಇಲ್ಲ ಅಂದರೆ ಕೃತಕ ಜೊಲ್ಲು ಅಂತ ಒಂದು ಬರುತ್ತದಲ್ಲ, ಅದರಲ್ಲಿ ಪ್ರೋಟೀನ್ ಹಾಕಿರೋ ಥರದ್ದು ಸಿಕ್ಕರೆ