‘ಮೈಗ್ರೆಂಟ್ ಮದರ್’ ಫೋಟೋವನ್ನು ಅಕ್ಕನ ಜೊತೆ ಮತ್ತೆ ತೆಗೆದಾಗ

ಹೆಸರಾಂತ ಪೋರ್ಟ್ರೇಟ್ ಒಂದನ್ನು ಆರಿಸಿಕೊಂಡು ಅದನ್ನು ಮತ್ತೆ ತೆಗೆಯಬೇಕು ಅನ್ನೋದು ನಮ್ಮ ಫೋಟೋಗ್ರಫಿ ಕೋರ್ಸಿನ ಈ ಸಲದ ಅಸೈನ್‌ಮೆಂಟ್. ನಾನು ಆರಿಸಿದ್ದು ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಅವರ ‘ಮೈಗ್ರೆಂಟ್ ಮದರ್’, ಅಂದರೆ ವಲಸೆ ತಾಯಿ. ನೀವೂ ಎಲ್ಲೋ ನೋಡಿರುತ್ತೀರಿ. ಒಬ್ಬ ತಾಯಿ, ಅವಳ ಎರಡೂ ಭುಜಕ್ಕೆ ಒರಗಿ ಮುಖ ಆ ಕಡೆ ತಿರುಗಿಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಒಂದು ಕೂಸು, ಕೆನ್ನೆಯ ಹತ್ತಿರ ಬಂದು ನಿಂತ ಕೈ.

1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೋಮೊ. ಹಿಮ ಬಿದ್ದು ಬಟಾಣಿ ಬೆಳೆ ಹಾಳಾಗಿತ್ತು, ಬಿಡಿಸಲು ಬಂದ ಕೂಲಿಯವರಿಗೆ ಕೆಲಸವಿರಲಿಲ್ಲ. ಲ್ಯಾಂಗ್ ಆಗ ಸರ್ಕಾರದ ಯೋಜನೆಯೊಂದಕ್ಕೆ ಫೋಟೋ ತೆಗೆಯುತ್ತಿದ್ದರು. ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟವರು ಬಟಾಣಿ ಬಿಡಿಸುವವರ ಕ್ಯಾಂಪಿನ ಬೋರ್ಡ್ ನೋಡಿಯೂ ಮುಂದೆ ಹೋಗಿ, ಸುಮಾರು 20 ಮೈಲಿ ದಾಟಿದ ಮೇಲೆ ಮನಸ್ಸು ತಡೆಯದೆ ಗಾಡಿ ತಿರುಗಿಸಿದರು.

ಅಲ್ಲಿ ಅವರು ತೆಗೆದದ್ದು ಒಂದೇ ಫ್ರೇಮ್ ಅಲ್ಲ. ಮೊದಲು ದೂರದಿಂದ, ಆ ತಾಯಿ ಮಕ್ಕಳಿದ್ದ ಇಡೀ ಡೇರೆ ಕಾಣುವ ಹಾಗೆ. ಆಮೇಲೆ ಹತ್ತಿರ ಹತ್ತಿರ. ಒಂದು ಫ್ರೇಮಿನಲ್ಲಿ ಹುಡುಗಿಯೊಬ್ಬಳು ತಾಯಿಯ ಭುಜದ ಮೇಲೆ ಗಲ್ಲ ಇಟ್ಟು ನಿಂತಿದ್ದಾಳೆ, ಅವಳ ಮುಖ ನಮ್ಮ ಕಡೆಗಿದೆ. ಅದನ್ನು ನೋಡುವಾಗ ನನ್ನ ಕಣ್ಣು ಮತ್ತೆ ಮತ್ತೆ ಆ ಹುಡುಗಿಯ ಹತ್ತಿರ ಹೋಗುತ್ತದೆ. ಕೊನೆಗೆ ಹೆಸರಾದ ಫ್ರೇಮಿನಲ್ಲಿ ಇಬ್ಬರು ಮಕ್ಕಳೂ ಬೆನ್ನು ತಿರುಗಿಸಿದ್ದಾರೆ. ಕಣ್ಣಿಗೆ ಹೋಗಲು ಬೇರೆ ಜಾಗವೇ ಇಲ್ಲ, ತಾಯಿಯ ಮುಖಕ್ಕೇ ಬರಬೇಕು. ಈ ಒಂದು ವಿಷಯ ಪುಸ್ತಕದಲ್ಲಿ ಓದಿದ್ದರೆ ನನಗೆ ಇಷ್ಟು ತಟ್ಟುತ್ತಿರಲಿಲ್ಲ ಅನಿಸುತ್ತೆ. ನಾನೇ ಮಕ್ಕಳನ್ನು ನಿಲ್ಲಿಸಿ, ಒಬ್ಬನ ಮುಖ ಸ್ವಲ್ಪ ಈ ಕಡೆ ಬಂದರೂ ಚಿತ್ರ ಹೇಗೆ ಸಡಿಲವಾಗುತ್ತದೆ ಅಂತ ನೋಡಿದಾಗ ಗೊತ್ತಾಯಿತು.

ನನ್ನ ಚಿತ್ರಕ್ಕೆ ಕೂತವಳು ತಿಪಟೂರಿನಲ್ಲಿರುವ ದೊಡ್ಡಮ್ಮನ ಮಗಳು, ನನ್ನ ಅಕ್ಕ. ಇಬ್ಬರು ಗಂಡು ಮಕ್ಕಳು, ಒಂದು ಕೈಕೂಸು. ಹಳೇ ಸೀರೆ ಉಡಿಸು, ಮುಖಕ್ಕೆ ಒಂಚೂರು ಮಸಿ ಹಚ್ಚು ಅಂತ ಸ್ನೇಹಿತರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಹಸಿವನ್ನು ವೇಷ ಹಾಕಿ ತೋರಿಸುವುದು ನನ್ನ ಕೈಯಲ್ಲಿ ಆಗೋದಿಲ್ಲ. ಅಕ್ಕ ದಿನಾ ಉಡುವ ಸೀರೆಯಲ್ಲೇ ಕೂತಳು.

ಬೆಳಕಿನದ್ದೇ ಜಾಸ್ತಿ ಕೆಲಸ. ಡೇರೆಯ ತೆರೆದ ಬದಿಯಿಂದ ಬರುವ ಮೆತ್ತನೆಯ ಹಗಲು ಬೆಳಕು ಬೇಕಿತ್ತು, ಅದಕ್ಕೆ ಜಗಲಿಯನ್ನೇ ಬಳಸಿದೆ, ಅಕ್ಕನ ಹಿಂದೆ ಹಳೇ ಟಾರ್ಪಾಲ್ ಇಳಿಬಿಟ್ಟೆ. ಪಕ್ಕದ ಸುಣ್ಣದ ಗೋಡೆಯಿಂದ ಬೆಳಕು ವಾಪಸ್ ಬಂದು ಮುಖದ ಗೆರೆಗಳನ್ನೆಲ್ಲ ಅಳಿಸಿಬಿಡುತ್ತಿತ್ತು, ಅಲ್ಲಿಗೆ ಕರಿ ಕಂಬಳಿ ಹಾಕಿದ ಮೇಲೆ ಕೆನ್ನೆಗೆ ನೆರಳು ಬಂತು. ಲ್ಯಾಂಗ್ ಬಳಸಿದ್ದು ಗ್ರಾಫ್ಲೆಕ್ಸ್, 4x5 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾ. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ, ಎದೆಯ ಕೆಳಗೆ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಾರೆ. ಹಾಗಾಗಿ ಲೆನ್ಸ್ ತಾನಾಗಿಯೇ ಕೆಳಗಿರುತ್ತದೆ, ಕೂತವರ ಮೇಲೆ ನಿಂತು ನೋಡಿದ ಹಾಗೆ ಇರುವುದಿಲ್ಲ. ನಾನೂ ಮಣೆ ಹಾಕಿಕೊಂಡು ಕೂತು, ನನ್ನ ಕ್ಯಾಮೆರಾದ ಸ್ಕ್ರೀನ್ ಮೇಲಕ್ಕೆ ತಿರುಗಿಸಿ ತೆಗೆದೆ. 50 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸ್ ಎಷ್ಟು ತೆರೆದಿದೆ ಅನ್ನೋ ಅಳತೆ) 2.8.

ತೆಗೆಯುವ ಮೊದಲು ಅಕ್ಕನಿಗೆ ಮೂಲ ಚಿತ್ರ ತೋರಿಸಿ ಕಥೆ ಹೇಳಿದ್ದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ: “ಅವಳ ಹೆಸರೇನೋ?”

ಲ್ಯಾಂಗ್ ಹೆಸರು ಕೇಳಿರಲಿಲ್ಲ. ಕ್ಯಾಪ್ಷನ್‌ನಲ್ಲಿ ಇದ್ದದ್ದು ಬಟಾಣಿ ಬಿಡಿಸುವವಳು, ಏಳು ಮಕ್ಕಳ ತಾಯಿ, ವಯಸ್ಸು 32 ಅಂತ. ಪತ್ರಿಕೆಯಲ್ಲಿ ಸುದ್ದಿ ಬಂದು ಸರ್ಕಾರ 20,000 ಪೌಂಡ್ ತೂಕದ ಆಹಾರ ಕಳಿಸಿತು, ಆದರೆ ಅಷ್ಟರಲ್ಲಿ ಈ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ಮೂಲದವರು ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೋದಿಂದ ತನಗೆ ಒಂದು ಕಾಸೂ ಸಿಗಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಕೆ ಹೇಳಿದ್ದರು. ನನಗೆ ಲ್ಯಾಂಗ್ ಅವರ ಕೆಲಸದ ಮೇಲೆ ತುಂಬಾ ಗೌರವವಿದೆ, ಆ ಚಿತ್ರ ಜನರ ಕಣ್ಣು ತೆರೆಸಿದ್ದೂ ನಿಜ. ಆದರೂ 42 ವರ್ಷ ಒಬ್ಬ ಹೆಂಗಸಿನ ಮುಖ ಎಲ್ಲರಿಗೂ ಗೊತ್ತಿದ್ದು ಹೆಸರು ಗೊತ್ತಿರಲಿಲ್ಲ ಅನ್ನೋದು ನನಗೆ ಈಗಲೂ ಕಷ್ಟವಾಗುತ್ತದೆ.

“ನನ್ನ ಫೋಟೋ ಕೆಳಗೆ ಬಡ ತಾಯಿ ಅಂತ ಬರೀಬೇಡ ಕಣೋ, ಟೈಲರ್ ಅಂತ ಬರಿ” ಅಂದಳು ಅಕ್ಕ. ಅವಳು ಬ್ಲೌಸ್ ಹೊಲಿಯುತ್ತಾಳೆ, ಮದುವೆ ಸೀಸನ್‌ನಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಫ್ರೇಮನ್ನೂ ಅವಳಿಂದಲೇ ಆರಿಸಿದೆ. ಕಾಲೇಜಿಗೆ ಕೊಟ್ಟ ಪ್ರಿಂಟಿನ ಕೆಳಗೆ ಅವಳ ಹೆಸರು, ಊರು, ಕೆಲಸ ಮೂರೂ ಇವೆ. ಇಲ್ಲಿ ಹೆಸರು ಬೇಡ ಅಂದಿದ್ದಾಳೆ, ಹಾಗಾಗಿ ಹಾಕಿಲ್ಲ.

ನೀವೂ ಇದೇ ಚಿತ್ರ ತೆಗೆಯುವುದಾದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಿಂದ ದೊಡ್ಡ ಫೈಲ್ ಉಚಿತವಾಗಿ ಇಳಿಸಿಕೊಳ್ಳಿ, ಉಳಿದ ಫ್ರೇಮುಗಳನ್ನೂ ಬಿಡಬೇಡಿ. ಹೆಸರಾದ ಫ್ರೇಮಿನ ಕೆಳಗಿನ ಬಲಮೂಲೆಯನ್ನು ಹಿಗ್ಗಿಸಿ ನೋಡಿ. ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಅಲ್ಲಿತ್ತು, ಲ್ಯಾಂಗ್ ಆಮೇಲೆ ನೆಗೆಟಿವ್‌ನಲ್ಲಿ ಅದನ್ನು ತೆಗೆಸಿದರು, ಅದರ ಮಸುಕು ಗುರುತು ಇನ್ನೂ ಕಾಣುತ್ತದೆ. ನನ್ನ ಫ್ರೇಮಿನ ಅಂಚಿನಲ್ಲಿ ದೊಡ್ಡ ಮಗನ ಪಾದ ಬಂದಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ.