ಅಜ್ಜಿಯ ಫೋಟೊ

ಬೆಳಿಗ್ಗೆ ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಿಸಿಲು ಒಂದೇ ಪಕ್ಕದಿಂದ ಬೀಳುತ್ತಿತ್ತು. ಅರ್ಧ ಮುಖ ಬೆಳಕು, ಅರ್ಧ ನೆರಳು. ಸುಮ್ನೆ ಬಿಡೋಕಾಗುತ್ತಾ?

ಫೋನ್ ಕ್ಯಾಮೆರಾ ತೆರೆದು ಫ್ಲ್ಯಾಶ್ ಆಫ್ ಮಾಡಿದೆ. ಮುಖದ ಮೇಲೆ ಒತ್ತಿ ಫೋಕಸ್ ಹಿಡಿದು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆದು ಬೆಳಕು ತಗ್ಗಿಸಿದೆ. ಬೆಳಕಲ್ಲಿ ಕರಗಿ ಹೋಗಿದ್ದ ಬಿಳಿ ಕೂದಲು ಈಗ ಎಳೆ ಎಳೆಯಾಗಿ ಕಾಣಿಸಿತು. (ಕತ್ತಲಾದ ಜಾಗವನ್ನು ಆಮೇಲೆ ಒಂದಿಷ್ಟು ಎತ್ತಬಹುದು. ಪೂರ್ತಿ ಬೆಳ್ಳಗಾಗಿ ಹೋದದ್ದು ವಾಪಸ್ ಬರಲ್ಲ.)

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಎಡಿಟ್ ಮಾಡೋಕೆ ಕೂತವಳು ಶ್ಯಾಡೋ ಚೂರು ಏರಿಸಿದೆ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಕೆಟ್ ಕ್ರಾಪ್ ಮಾಡಿದೆ. ಆಮೇಲೆ ಕೈ ಸುಮ್ಮನಿರಲಿಲ್ಲ, ಬ್ಯೂಟಿ ಫಿಲ್ಟರ್ ಹಾಕಿದೆ. ಸುಕ್ಕೆಲ್ಲ ಮಾಯ. ಹಣೆಯ ಹಚ್ಚೆಬೊಟ್ಟೂ ಮಾಯ! ಮದುವೆಗೆ ಮುಂಚೆ ಹಾಕಿಸಿಕೊಂಡ ಹಸಿರು ಹಚ್ಚೆ ಅದು.

ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿ, "ಇದ್ಯಾರೇ ಇವಳು? ನಮ್ಮ ಕಡೆಯವಳಾ?" ಅಂದಳು.

ಫಿಲ್ಟರ್ ತೆಗೆದೆ. ಇಲ್ಲಿ ಹಾಕಿರೋದು ಸುಕ್ಕು ಸಮೇತದ್ದು. ಬೆರಳ ತುದಿಯಲ್ಲಿ ಅವರೆ ಸೊಗಡಿನ ಜಿಡ್ಡೂ ಹೊಳೀತಿದೆ, ಜೂಮ್ ಮಾಡಿ ನೋಡಿ.