ಗೋವಾದ ಚಿಪ್ಪಿನ ಕಿಟಕಿ ಮತ್ತು ಲಿನೇಯಸ್‌ನ ಗುಂಪುಗಳು

ಗೋವಾದ ಹಳೇ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ಚಿಪ್ಪು ಕೂರಿಸಿರುತ್ತಾರೆ. ಮರದ ಪಟ್ಟಿಗಳ ನಡುವೆ ಚೌಕವಾಗಿ ಕತ್ತರಿಸಿದ ತೆಳ್ಳನೆಯ ಬಿಳಿ ಚಿಪ್ಪು. ಬೆಳಕು ಒಳಗೆ ಬರುತ್ತದೆ, ಹೊರಗಿನವರಿಗೆ ಒಳಗೇನೂ ಕಾಣುವುದಿಲ್ಲ. ಈ ಚಿಪ್ಪಿನ ಪ್ರಾಣಿ ನಮ್ಮ ವಾಸ್ಕೋ ಪಕ್ಕದ ಚಿಕಾಲಿಂ ಕೊಲ್ಲಿಯ ಕೆಸರಿನಲ್ಲೇ ಬದುಕುತ್ತದೆ. ಗದಗ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಲ್ಲಿ ಎಷ್ಟೋ ಜನ ದಿನಾ ಅದರ ಮುಂದೆಯೇ ಓಡಾಡುತ್ತೇವೆ, ಅದು ಯಾವ ಜಾತಿ ಅಂತ ಮಾತ್ರ ಕೇಳಿರುವುದಿಲ್ಲ.

ಈಗಿನ ಹೆಸರು ಪ್ಲಕೂನಾ ಪ್ಲಸೆಂಟಾ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟಿದ್ದು ಅನೋಮಿಯಾ ಪ್ಲಸೆಂಟಾ. ಅದೇ ಅನೋಮಿಯಾ ಗುಂಪಿಗೆ ಅವನು ಬ್ರಾಕಿಯೋಪಾಡ್ ಅನ್ನುವ ಕಡಲ ಪ್ರಾಣಿಗಳನ್ನೂ ಸೇರಿಸಿದ್ದ, ಅವುಗಳಲ್ಲಿ ಕೆಲವು ಕಲ್ಲಾಗಿ, ಅಂದರೆ ಪಳೆಯುಳಿಕೆಯಾಗಿ ಸಿಕ್ಕಂಥವು. ಅವಕ್ಕೂ ಎರಡು ಚಿಪ್ಪು ಇರುತ್ತವೆ, ನೋಡಿದರೆ ಕಪ್ಪೆಚಿಪ್ಪಿನ ನೆಂಟರೇ ಅನ್ನಿಸುತ್ತದೆ. ಆದರೆ ಕಪ್ಪೆಚಿಪ್ಪಿನಲ್ಲಿ ಒಂದು ಚಿಪ್ಪು ಪ್ರಾಣಿಯ ಎಡಕ್ಕೆ, ಇನ್ನೊಂದು ಬಲಕ್ಕೆ. ಬ್ರಾಕಿಯೋಪಾಡಿನಲ್ಲಿ ಒಂದು ಬೆನ್ನಿಗೆ, ಇನ್ನೊಂದು ಹೊಟ್ಟೆಗೆ. ಒಳಗಿನ ಮೈಯಂತೂ ಪೂರ್ತಿ ಬೇರೆ, ಕಪ್ಪೆಚಿಪ್ಪು, ಬಸವನಹುಳುಗಳ ಗುಂಪಾದ ಮೃದ್ವಂಗಿಗಳಿಗೆ ಅವು ಸೇರುವುದೇ ಇಲ್ಲ.

ಲಿನೇಯಸ್ ಮುಖ್ಯವಾಗಿ ನೋಡಿದ್ದು ಹೊರಗಿನ ಚಿಪ್ಪನ್ನು. ಒಂದು ಚಿಪ್ಪಿನವು, ಎರಡು ಚಿಪ್ಪಿನವು, ಹಲವು ಚಿಪ್ಪಿನವು ಅಂತ ಮೂರು ಭಾಗ ಮಾಡಿದ. ಹಾಗಾಗಿ ಬಸವನಹುಳು ಒಂದು ಕಡೆ ಹೋಯಿತು, ಚಿಪ್ಪಿಲ್ಲದ ಅದರ ಹತ್ತಿರದ ಬಂಧು ಇನ್ನೊಂದು ಕಡೆ ಹೋಯಿತು. ಕಡಲ ಬಂಡೆಗೆ ಅಂಟಿಕೊಂಡು ಕಾಲು ಕೊಯ್ಯುವ ಬಾರ್ನಕಲ್ ಇದೆಯಲ್ಲ, ಅದೂ ಚಿಪ್ಪಿನ ಪ್ರಾಣಿಗಳ ಸಾಲಿಗೆ ಬಂತು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅದರ ಮರಿಗಳನ್ನು ನೋಡಿ, ಇದು ಏಡಿ, ಸಿಗಡಿಗಳ ಕುಲದ್ದು ಅಂತ ತೋರಿಸಿದ. ಇದಕ್ಕೆಲ್ಲ ಮೊದಲೇ, 1757ರಲ್ಲಿ, ಸೆನೆಗಲ್‌ನಲ್ಲಿ ವರ್ಷಗಟ್ಟಲೆ ಇದ್ದು ಬಂದ ಫ್ರಾನ್ಸಿನ ಅಡಾನ್ಸನ್ ಒಳಗಿನ ಪ್ರಾಣಿಯನ್ನೂ ನೋಡಿಯೇ ಗುಂಪು ಮಾಡಬೇಕು ಅಂತ ಬರೆದಿದ್ದ. ಅವನಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಅಂತ ನನಗೆ ನಿಜಕ್ಕೂ ಬೇಜಾರಿದೆ.

ಹಾಗಂತ ಚಿಪ್ಪು ನೋಡುವುದನ್ನು ಬಿಡುವ ಹಾಗೂ ಇಲ್ಲ. ಕಲ್ಲಿನೊಳಗೆ ಸಿಗುವುದು ಸಾಮಾನ್ಯವಾಗಿ ಚಿಪ್ಪಿನ ರೂಪ ಮಾತ್ರ, ಮೆತ್ತನೆಯ ಮೈ ಯಾವತ್ತೋ ಕೊಳೆತು ಹೋಗಿರುತ್ತದೆ, ಅಲ್ವಾ?

ಇಲ್ಲಿ ನನಗೆ ತುಂಬಾ ಇಷ್ಟವಾಗುವವನು ಲಿನೇಯಸ್‌ಗೂ ಹಿಂದಿನವನಾದ ಇಂಗ್ಲೆಂಡಿನ ಮಾರ್ಟಿನ್ ಲಿಸ್ಟರ್. ಅವನ ಚಿಪ್ಪಿನ ಪುಸ್ತಕಕ್ಕೆ ಸಾವಿರಕ್ಕೂ ಜಾಸ್ತಿ ಚಿತ್ರಫಲಕಗಳಿವೆ, ಅದಕ್ಕೆ ದುಡಿದವರು ಅವನ ಮಕ್ಕಳಾದ ಸುಸಾನಾ ಮತ್ತು ಆನಾ. ಕಲ್ಲಿನ ಚಿಪ್ಪುಗಳು ಯಾವತ್ತೂ ಪ್ರಾಣಿಗಳಾಗಿರಲೇ ಇಲ್ಲ, ಕಲ್ಲೇ ಆ ಆಕಾರಕ್ಕೆ ಬೆಳೆದಿದೆ ಅಂತ ಅವನ ವಾದ. ಯಾಕೆ ಅಂದರೆ ಅವು ಬದುಕಿರುವ ಯಾವ ಚಿಪ್ಪಿಗೂ ಸರಿಯಾಗಿ ಹೊಂದುತ್ತಿರಲಿಲ್ಲ, ಒಂದೊಂದು ಕಲ್ಲುಗಣಿಯಲ್ಲಿ ಒಂದೊಂದು ಥರದವು ಸಿಗುತ್ತಿದ್ದವು. ತೀರ್ಮಾನ ತಪ್ಪು, ಆದರೆ ಕಂಡಿದ್ದು ಎಷ್ಟು ಸರಿ! ಅದೇ ಕಾಲದ ರಾಬರ್ಟ್ ಹುಕ್, ಇವು ನಿಜವಾದ ಪ್ರಾಣಿಗಳೇ, ಕೆಲವು ಜಾತಿಗಳು ಅಳಿದು ಹೋಗಿರಬಹುದು ಅಂದ. ನಮ್ಮ ದೇವರ ಮನೆಯ ಸಾಲಿಗ್ರಾಮದೊಳಗೆ ಸುರುಳಿ ಇರುತ್ತದಲ್ಲ, ಅದು ಅಮೋನೈಟ್ ಅನ್ನುವ, ಈಗ ಅಳಿದು ಹೋಗಿರುವ ಕಡಲ ಪ್ರಾಣಿಯ ಚಿಪ್ಪು, ಆ ಥರದವೇ ಹುಕ್‌ನ ಕೈಯಲ್ಲೂ ಇದ್ದವು. ಕಲ್ಲಿನ ಒಂದೊಂದು ಪದರಕ್ಕೆ ಅದರದ್ದೇ ಪಳೆಯುಳಿಕೆ ಅನ್ನುವುದನ್ನು ಹಿಡಿದುಕೊಂಡೇ ವಿಲಿಯಂ ಸ್ಮಿತ್ 1815ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನ ನಕ್ಷೆ ಹೊರತಂದ.

ಆಮೇಲೆ ಫ್ರಾನ್ಸಿನ ಜೀವವಿಜ್ಞಾನಿ ಲಮಾರ್ಕ್ 1802ರಿಂದ ಪ್ಯಾರಿಸ್ ಸುತ್ತಲಿನ ಕಲ್ಲಾದ ಚಿಪ್ಪುಗಳಿಗೆ ಹೆಸರಿಡುತ್ತಾ ಹೋದ. ಬದುಕಿರುವ ಚಿಪ್ಪುಗಳೂ ಅವನಿಗೆ ಚೆನ್ನಾಗಿ ಗೊತ್ತಿದ್ದವು, ಎರಡನ್ನೂ ಒಂದೇ ಪಟ್ಟಿಗೆ ತಂದದ್ದು ದೊಡ್ಡ ಕೆಲಸ. ಪ್ಯಾರಿಸ್‌ನಲ್ಲೇ ಕೆಲಸ ಮಾಡುತ್ತಿದ್ದ ದೆಷೇ ಸಾವಿರಾರು ಜಾತಿಗಳನ್ನು ಹೋಲಿಸಿ ಪಟ್ಟಿ ಮಾಡಿದ. ಆ ಪಟ್ಟಿ ಇಟ್ಟುಕೊಂಡು 1833ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲೈಯಲ್ ಪದರಗಳ ವಯಸ್ಸು ಅಳೆದು, ಹಳೆಯದರಿಂದ ಹೊಸದರ ಕಡೆಗೆ ಒಂದೊಂದು ಕಾಲಕ್ಕೆ ಒಂದೊಂದು ಹೆಸರಿಟ್ಟ. ಒಂದು ಪದರದ ಚಿಪ್ಪುಗಳಲ್ಲಿ ಇವತ್ತಿಗೂ ಬದುಕಿರುವ ಜಾತಿ ಶೇಕಡಾ 3.5 ಇದ್ದರೆ ಅದು ಇಯೋಸೀನ್, ಶೇಕಡಾ 18ರ ಹತ್ತಿರ ಇದ್ದರೆ ಮಯೋಸೀನ್, ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಪ್ಲಿಯೋಸೀನ್. ಆ ಶೇಕಡಾ ಲೆಕ್ಕವನ್ನು ಈಗ ಯಾರೂ ಹಾಕುವುದಿಲ್ಲ, ಹೆಸರುಗಳು ಮಾತ್ರ ಇವತ್ತಿಗೂ ಬಳಕೆಯಲ್ಲಿವೆ.